ಕತ್ತಲೆಯನ್ನು ಅಳೆಯುವ ಸೇವಂತಿಗೆ

ಚೆನ್ನೈನ ತಿರುವಲ್ಲಿಕೇಣಿಯ ಓದುಗರೊಬ್ಬರಿಗೆ ಸೇವಂತಿಗೆಯದೇ ಚಿಂತೆ. ಬೆಂಗಳೂರಿನಿಂದ ಹೂವಿನ ಸಮೇತ ತಂದ ಕುಂಡ. ಈ ವರ್ಷ ಎಲೆ ದಟ್ಟವಾಗಿದೆ, ಕಾರ್ತಿಕ ಕಳೆದರೂ ಮೊಗ್ಗಿಲ್ಲ. ಊರಿಗೆ ಚಳಿಯಿಲ್ಲದ್ದೇ ಕಾರಣ ಎಂದು ಅವರು. ದೀಪ ಹಚ್ಚಿದ ಮೇಲೆ ಗಿಡ ಮುಟ್ಟಿದ್ದೇ ಕಾರಣ ಎಂದು ಅವರ ಅತ್ತೆ.

ಮುಟ್ಟಿದರೆ ಮುನಿಯುವ ಗಿಡ ಬೇರೆಯೇ ಇದೆ ತಾಯಿ! ರಾತ್ರಿ ಗಿಡ ಮಲಗಿರುತ್ತದೆ, ಎಬ್ಬಿಸಬಾರದು ಎಂಬ ಮಾತನ್ನು ಇನ್ನಾದರೂ ಬಿಡೋಣ. ಸೇವಂತಿಗೆ ತನ್ನ ಮುಖ್ಯ ಲೆಕ್ಕ ಹಾಕುವುದೇ ರಾತ್ರಿಯಲ್ಲಿ. ಅದು ಕಾಯುವುದು ಚಳಿಗಲ್ಲ, ನಡುವೆ ಕಡಿಯದ ಉದ್ದನೆಯ ಕತ್ತಲೆಗೆ. ಹಗಲು ಸುಮಾರು ಹದಿಮೂರೂವರೆ ಗಂಟೆಗಿಂತ ಕಿರಿದಾದರೆ ಹೆಚ್ಚಿನ ತಳಿಗಳು ಮೊಗ್ಗಿಗೆ ಅಣಿಯಾಗುತ್ತವೆ. ಜೂನ್‌ನಲ್ಲಿ ಹದಿನಾರು ಗಂಟೆ ಮೀರಿ ಹಗಲಿರುವ ಲಂಡನ್ನಿನಲ್ಲಿ ಅದಕ್ಕೆ ಶರತ್ಕಾಲವೇ ಬರಬೇಕು. ಚೆನ್ನೈನಲ್ಲಿ ಅತಿ ಉದ್ದದ ಹಗಲೂ 13 ಗಂಟೆ ಮುಟ್ಟುವುದಿಲ್ಲ. ಬೇಸಿಗೆಯ ಸೆಕೆ ಮೊಗ್ಗನ್ನು ತಡಮಾಡೀತು, ಅಷ್ಟೇ.

ನಮ್ಮ ರೈತರ ತಾಪತ್ರಯವೇ ಬೇರೆ: ಗಿಡ ಎತ್ತರಕ್ಕೆ ಬರುವ ಮೊದಲೇ ಮೊಗ್ಗು ಬಿಟ್ಟರೆ? ಹೊಸೂರು, ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಿನಲ್ಲಿ ಹೋಗುವಾಗ ಹೊಲದ ತುಂಬ ಬಲ್ಬು ಉರಿಯುವುದನ್ನು ಕಂಡು ಯಾವುದೋ ಜಾತ್ರೆ ಎಂದುಕೊಂಡವರುಂಟು. ನಡುರಾತ್ರಿಯ ಆಸುಪಾಸಿನಲ್ಲಿ ಕೆಲವು ಗಂಟೆ ದೀಪ ಹಾಕಿದರೆ ಒಂದು ಉದ್ದನೆಯ ರಾತ್ರಿ ಎರಡು ಗಿಡ್ಡ ರಾತ್ರಿಗಳಾಗಿ ಒಡೆಯುತ್ತದೆ. ಗಿಡ ಮೋಸಹೋಗಿ ಬೆಳೆಯುತ್ತಲೇ ಇರುತ್ತದೆ. ದೀಪ ನಿಲ್ಲಿಸಿದ ಮೇಲೆ ಮೊಗ್ಗು.

ಈ ಲೆಕ್ಕ ಇಡುವವರು ಯಾರು? ಹೂವರಳುವ ತುದಿಯಲ್ಲ, ಎಲೆ! 1930ರ ದಶಕದಲ್ಲಿ ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಾಖ್ಯಾನ್ ಇದೇ ಸೇವಂತಿಗೆಯ ಮೇಲ್ಭಾಗದ ಎಲೆಗಳನ್ನೆಲ್ಲ ಕಿತ್ತರು. ಕೆಳಗಿನ ಎಲೆಗಳಿಗೆ ಉದ್ದನೆಯ ರಾತ್ರಿ, ಬೋಳು ತುದಿಗೆ ಗಿಡ್ಡ ರಾತ್ರಿ ಕೊಟ್ಟರು. ತುದಿ ಹೂಬಿಟ್ಟಿತು. ಎಲೆಯಿಂದ ಏನೋ ಒಂದು ಮೇಲೇರಿ ಸುದ್ದಿ ಮುಟ್ಟಿಸುತ್ತದೆ ಎಂದು ಊಹಿಸಿ ಅದಕ್ಕೆ ‘ಫ್ಲೋರಿಜೆನ್’ ಎಂದು ಹೆಸರಿಟ್ಟರು. ಅದೊಂದು ಪ್ರೋಟೀನ್ ಎಂದು ಬೇರೆ ಗಿಡಗಳಲ್ಲಿ ಖಚಿತವಾದದ್ದು 2007ರಲ್ಲಿ, ಏಳು ದಶಕದ ಮೇಲೆ. 2013ರಲ್ಲಿ ಜಪಾನಿನ ಸಂಶೋಧಕರು ಕಾಡುಸೇವಂತಿಗೆಯಲ್ಲಿ ಇದರ ಎದುರಾಳಿಯನ್ನೂ ಹಿಡಿದರು. ರಾತ್ರಿ ಬೆಳಕು ಬಿದ್ದರೆ ಎಲೆ ಈ ಎರಡನೆಯ ಪ್ರೋಟೀನನ್ನು ತಯಾರಿಸಿ ತುದಿಗೆ ಕಳಿಸುತ್ತದೆ: ‘ಈಗ ಬೇಡ’.

ಓದುಗರ ಕುಂಡ ಇರುವುದು ಅಪಾರ್ಟ್‌ಮೆಂಟಿನ ಮೆಟ್ಟಿಲ ಬಳಿ, ಬೆಳಗಿನವರೆಗೆ ಉರಿಯುವ ಟ್ಯೂಬ್‌ಲೈಟಿನ ಕೆಳಗೆ. ನನ್ನ ಗುಮಾನಿ ಅದರ ಮೇಲೇ. ಹೂ ಮುಗಿದ ಗಿಡವನ್ನು ಗೇಣುದ್ದಕ್ಕೆ ಕತ್ತರಿಸಿ ಮೇ ತಿಂಗಳ ಬಿಸಿಲಿನಿಂದ ನೆರಳಿಗೆ ಸರಿಸಬೇಕು. ಬುಡದ ಮರಿಗಳನ್ನು ಜೂನ್–ಜುಲೈನಲ್ಲಿ ಬೇರೆ ನೆಡಬೇಕು. ತಮಿಳರ ಐಪ್ಪಸಿ ತಿಂಗಳ (ಅಕ್ಟೋಬರ್–ನವೆಂಬರ್) ಮಳೆಯಲ್ಲಿ ಕುಂಡದಲ್ಲಿ ನೀರು ನಿಂತರೆ ಬೇರು ಕೊಳೆಯುತ್ತದೆ. ಇಷ್ಟೆಲ್ಲ ಮಾಡಿಯೂ ಅಸೋಸಿಯೇಷನ್‌ನವರು ದೀಪ ಆರಿಸಲು ಒಪ್ಪದಿದ್ದರೆ ಕತ್ತಲಾದ ಮೇಲೆ ಗಿಡಕ್ಕೊಂದು ದೊಡ್ಡ ರಟ್ಟಿನ ಪೆಟ್ಟಿಗೆ ಬೋರಲು ಹಾಕಿ, ಬೆಳಿಗ್ಗೆ ತೆಗೆಯಿರಿ. ಮೊಗ್ಗಿನಲ್ಲಿ ಬಣ್ಣ ಕಾಣುವವರೆಗೆ ಒಂದು ರಾತ್ರಿಯೂ ತಪ್ಪಿಸಬೇಡಿ. ಹಾಕುವಾಗ ಗಿಡಕ್ಕೆ ಕೈ ತಾಗಿದರೆ ಏನೂ ಆಗುವುದಿಲ್ಲ, ಅತ್ತೆಯವರಿಗೂ ಹೇಳಿ.