ಎದೆಬಡಿತ ಅಳೆಯಲು ಇನ್ನು ಜೆಲ್ ಬೇಡವೇ?

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಯಾವ ಊರಿನ ಆಸ್ಪತ್ರೆಗಾದರೂ ಎದೆನೋವೆಂದು ಹೋದರೆ ಮೊದಲು ಮಾಡುವ ಪರೀಕ್ಷೆ ಇ.ಸಿ.ಜಿ. ಕೈಕಾಲುಗಳಿಗೆ ನಾಲ್ಕು, ಎದೆಗೆ ಆರು ಎಲೆಕ್ಟ್ರೋಡ್‌ಗಳನ್ನು ಜೆಲ್ ಹಚ್ಚಿ ಕೂರಿಸುತ್ತಾರೆ. ಈಗ ಜೆಲ್ ಇಲ್ಲದೆಯೇ ಕೈಗಡಿಯಾರವೂ ಇ.ಸಿ.ಜಿ. ತೆಗೆಯುತ್ತದೆ. ಹಾಗಾದರೆ ಆಸ್ಪತ್ರೆಯ ಇ.ಸಿ.ಜಿ. ಬೇಡವೇ?

ಜೆಲ್ ಏಕೆ ಬೇಕೆಂದು ಮೊದಲು ತಿಳಿಯೋಣ. ಹೃದಯ ಬಡಿದಾಗಲೆಲ್ಲ ಸೂಕ್ಷ್ಮ ವಿದ್ಯುತ್ ಹುಟ್ಟುತ್ತದೆ. ಚರ್ಮದ ಮೇಲೆ ಅದು ಸುಮಾರು 1 ಮಿಲಿವೋಲ್ಟ್ ಮಾತ್ರ. ಚರ್ಮದ ಒಣ ಹೊರಪದರ ಅದನ್ನೂ ತಡೆಯುತ್ತದೆ. ಉಪ್ಪಿನಂಶವಿರುವ ಜೆಲ್ ಆ ಪದರವನ್ನು ತೇವಗೊಳಿಸಿ ದಾರಿ ಮಾಡಿಕೊಡುತ್ತದೆ. ಇ.ಸಿ.ಜಿ.ಗಾಗಿ 1924ರ ನೊಬೆಲ್ ಪ್ರಶಸ್ತಿ ಪಡೆದ ಹಾಲೆಂಡಿನ ವಿಲ್ಲೆಮ್ ಐಂಥೋವನ್, ರೋಗಿಗಳ ಕೈಕಾಲುಗಳನ್ನು ಉಪ್ಪುನೀರಿನ ಪಾತ್ರೆಗಳಲ್ಲಿ ಇರಿಸುತ್ತಿದ್ದರು.

ಆದರೆ ಎದೆ ಢವಢವ ಎನ್ನುವುದು, ಬಡಿತ ತಪ್ಪುವುದು ಕೆಲವರಿಗೆ ಯಾವಾಗಲೋ ಒಮ್ಮೆ ಬಂದು ಹೋಗುತ್ತದೆ. ಅದನ್ನು ಹಿಡಿಯಲು ದಿನಗಟ್ಟಲೆ ನಿಗಾ ಬೇಕು. ಅಷ್ಟರಲ್ಲಿ ಜೆಲ್ ಒಣಗುತ್ತದೆ, ಚರ್ಮ ತುರಿಸುತ್ತದೆ. ನಮ್ಮ ವಿಜಯಪುರ ಜಿಲ್ಲೆಯ 40 ಡಿಗ್ರಿ ಬಿಸಿಲಿನ ಬೆವರಿಗೆ ಅಂಟೂ ಬಿಡುತ್ತದೆ.

ಇದಕ್ಕೆ ಉತ್ತರವಾಗಿ ಬಂದದ್ದೇ ಒಣ ಎಲೆಕ್ಟ್ರೋಡ್. ಸ್ಟೀಲ್, ಬೆಳ್ಳಿ ಲೇಪಿಸಿದ ನೂಲಿನ ಬಟ್ಟೆ, ಇಂಗಾಲ ಬೆರೆಸಿದ ರಬ್ಬರ್, ವಿದ್ಯುತ್ ಹರಿಸುವ ಮೃದು ಪ್ಲಾಸ್ಟಿಕ್ ಮುಂತಾದವುಗಳಿಂದ ಇದನ್ನು ತಯಾರಿಸುತ್ತಾರೆ. ಇಲ್ಲಿ ಜೆಲ್‌ನ ಕೆಲಸವನ್ನು ನಮ್ಮ ಬೆವರೇ ಮಾಡುತ್ತದೆ. ಹಾಗಾಗಿ ಚರ್ಮ ತೀರಾ ಒಣಗಿದ್ದರೆ, ಪಟ್ಟಿ ಸಡಿಲವಾಗಿದ್ದರೆ ಅಥವಾ ಮೈ ಅಲುಗಿದರೆ ಗೆರೆಗಳು ಕೆಡುತ್ತವೆ.

2018ರಲ್ಲಿ ಆ್ಯಪಲ್ ಕಂಪೆನಿ ಇ.ಸಿ.ಜಿ. ತೆಗೆಯುವ ಕೈಗಡಿಯಾರವನ್ನು ಮಾರುಕಟ್ಟೆಗೆ ತಂದಿತು. ಅದನ್ನು ಒಂದು ಕೈಗೆ ಕಟ್ಟಿ, ಇನ್ನೊಂದು ಕೈಯ ಬೆರಳನ್ನು ಅದರ ಗುಂಡಿಯ ಮೇಲೆ 30 ಸೆಕೆಂಡು ಇಟ್ಟರೆ ಸಾಕು. ಲಯ ತಪ್ಪಿದ ಬಡಿತವನ್ನು ಗುರುತಿಸಲು ಇದು ಉಪಯುಕ್ತ. ಆದರೆ ಇದು ಹೃದಯವನ್ನು ಒಂದೇ ಕೋನದಿಂದ ನೋಡುತ್ತದೆ. ಆಸ್ಪತ್ರೆಯ ಯಂತ್ರ 12 ಕೋನಗಳಿಂದ ನೋಡುತ್ತದೆ. ಹೃದಯಾಘಾತವನ್ನು ಈ ಗಡಿಯಾರ ಪತ್ತೆ ಮಾಡಲಾರದೆಂದು ಕಂಪೆನಿಯೇ ಹೇಳಿದೆ.

ಸಹೋದರಿಯರೇ, ನಾವು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಮಹಿಳೆಯರಲ್ಲಿ ಹೃದಯಾಘಾತವು ಎದೆನೋವಿನ ಜೊತೆಗೆ ಅಥವಾ ಅದಿಲ್ಲದೆಯೂ ಉಸಿರುಕಟ್ಟು, ವಾಕರಿಕೆ, ಬೆನ್ನು ಅಥವಾ ದವಡೆಯ ನೋವು, ವಿಪರೀತ ಸುಸ್ತಿನ ರೂಪದಲ್ಲಿ ಬರಬಹುದು. "ಗ್ಯಾಸ್ ಆಗಿದೆ" ಎಂದು ಸೋಡಾ ಕುಡಿದು ಮಲಗುವವರೆಷ್ಟೋ! ಎದೆ ತೆರೆಯಬೇಕಲ್ಲ ಎಂಬ ಸಂಕೋಚದಿಂದ ಪರೀಕ್ಷೆ ಮುಂದೂಡುವವರೂ ಇದ್ದಾರೆ. ಚಿಕಿತ್ಸೆಯ ಅಗತ್ಯಕ್ಕೆ ಶರೀಅತ್ ಅವಕಾಶ ನೀಡಿದೆ. ಪರದೆ ಎಳೆಯಿರಿ, ನರ್ಸಮ್ಮನನ್ನು ಕರೆಯಿರಿ ಎಂದು ಧೈರ್ಯವಾಗಿ ಕೇಳಿ.

ನಟ ಪುನೀತ್ ರಾಜ್‌ಕುಮಾರ್ ಹೆಸರಿನಲ್ಲಿ ರಾಜ್ಯ ಸರ್ಕಾರ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಆರಂಭಿಸಿತು. ತಾಲೂಕು ಆಸ್ಪತ್ರೆಗಳಲ್ಲಿ ತೆಗೆದ ಇ.ಸಿ.ಜಿ.ಯನ್ನು ದೂರದ ತಜ್ಞರಿಂದ ಓದಿಸಿ, ಅಗತ್ಯವಿದ್ದವರಿಗೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುವುದು ಅದರ ಉದ್ದೇಶ. ಈ ಮದ್ದು ಬೇಗ ಸಿಕ್ಕಷ್ಟೂ ಹೃದಯದ ಸ್ನಾಯು ಉಳಿಯುತ್ತದೆ.

ಮಗ ಊರಿಗೆ ಬಂದಾಗ ಅಮ್ಮಿಗೆ ಇಂಥ ಗಡಿಯಾರ ತಂದುಕೊಟ್ಟರೆ ಸಂತೋಷವೇ. ಆದರೆ ಅದು "ಎಲ್ಲ ಸರಿಯಿದೆ" ಎಂದು ತೋರಿಸಿದರೂ ನೋವು, ಉಸಿರುಕಟ್ಟು ಇದ್ದರೆ ಅದನ್ನು ನಂಬಿ ಕೂರಬೇಡಿ. ಕೂಡಲೇ 108ಕ್ಕೆ ಕರೆ ಮಾಡಿ.