ಮನೆ ಮುಂದೆ ಯಾವ ಲೈಟ್ ಹಾಕ್ಸೋಣ? ಮೊದಲು ಪಕ್ಕದ ಹೊಲ ನೋಡಿ

(ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರರೂಪ)

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ವಾಯ್ಸ್ ನೋಟ್‌ನಿಂದ. ಗೌರಿಬಿದನೂರಿನ ಕೇಳುಗರೊಬ್ಬರು ಕಳಿಸಿದ್ದು. "ಅಣ್ಣಾ, ಹೊಸ ಮನೆ ಕಟ್ಟಿದ್ದೀವಿ. ಮುಂದಿನ ಪ್ಯಾರಾಪೆಟ್ ನಲವತ್ತು ಅಡಿ ಇದೆ. ಸ್ಟ್ರಿಪ್ ಲೈಟ್ ಹಾಕ್ಸೋದಾ, ನಿಯಾನ್ ಹಾಕ್ಸೋದಾ, ಇಲ್ಲ ಮೊಬೈಲಲ್ಲೇ ಬಣ್ಣ ಬದಲಾಯಿಸೋ ಪಿಕ್ಸೆಲ್ ಹಾಕ್ಸೋದಾ? ಎಲೆಕ್ಟ್ರಿಷಿಯನ್ ಒಂದು ಹೇಳ್ತಾರೆ, ಅಂಗಡಿಯವರು ಇನ್ನೊಂದು ಹೇಳ್ತಾರೆ."

ಉತ್ತರ ಕೊಡ್ತೀನಿ. ಆದ್ರೆ ಅದಕ್ಕಿಂತ ಮುಂಚೆ ನಾನೊಂದು ಪ್ರಶ್ನೆ ಕೇಳಬೇಕು. ನಿಮ್ಮ ಮನೆ ಪಕ್ಕ ಏನಿದೆ?

ಯಾಕೆ ಅಂತೀರಾ? ಚಳಿಗಾಲದ ರಾತ್ರಿ ಚಿಕ್ಕಬಳ್ಳಾಪುರದ ಸುತ್ತಮುತ್ತ ಓಡಾಡಿದವರು ನೋಡಿರ್ತೀರಿ. ಕತ್ತಲೆ ಮಧ್ಯೆ ಒಂದು ಹೊಲ ಪೂರ್ತಿ ಬಲ್ಬ್. ಸಾಲು ಸಾಲಾಗಿ, ಮದುವೆ ಚಪ್ಪರದ ಥರ. ಬೆಂಗಳೂರಿಂದ ಬಂದವರು ಅಲ್ಲೇನೋ ಫಂಕ್ಷನ್ ಇದೆ ಅಂದ್ಕೊಂಡು ಫೋಟೋ ತೆಗೀತಾರೆ. ಅದು ಸೇವಂತಿಗೆ ತೋಟ. ರಾತ್ರಿ ಉದ್ದವಾದಾಗ ಮೊಗ್ಗು ಬಿಡೋ ಗಿಡ ಅದು. ಚಳಿಗಾಲದಲ್ಲಿ ನೆಟ್ಟರೆ ಗಿಡ ಗಿಡ್ಡವಾಗಿರುವಾಗಲೇ ಹೂ ಬಂದುಬಿಡುತ್ತೆ, ಇಳುವರಿ ಕಡಿಮೆ. ಅದಕ್ಕೆ ರೈತರು ಶುರುವಿನ ಕೆಲವು ವಾರ ರಾತ್ರಿ ಬಲ್ಬ್ ಉರಿಸಿ, ಇನ್ನೂ ಹಗಲು ಉದ್ದ ಇದೆ ಅಂತ ಗಿಡವನ್ನ ನಂಬಿಸ್ತಾರೆ. ಗಿಡ ಎತ್ತರಕ್ಕೆ ಬೆಳೆದು, ಕವಲು ಒಡೆದ ಮೇಲೆ ಬಲ್ಬ್ ಆರಿಸ್ತಾರೆ. ಆಮೇಲೆ ಮೊಗ್ಗು. ಇದಕ್ಕೆ ಬೇಕಾಗೋ ಬೆಳಕು ಬಿಸಿಲಿನ ಎದುರು ಲೆಕ್ಕಕ್ಕೇ ಬರದಷ್ಟು ಕಡಿಮೆ.

ಈಗ ಉಲ್ಟಾ ಯೋಚನೆ ಮಾಡಿ. ರೈತ ಬಲ್ಬ್ ಆರಿಸಿ ಮೊಗ್ಗಿಗೆ ಕಾಯ್ತಾ ಇದ್ದಾನೆ. ಪಕ್ಕದಲ್ಲಿ ನೀವು ಹೊಸ ಮನೆಗೆ ನಾಲ್ಕು ಫೋಕಸ್ ಲೈಟ್ ಹಾಕಿ ಬೆಳಗಿನ ತನಕ ಉರಿಸ್ತೀರಿ. ನಿಮ್ಮ ಕಾಂಪೌಂಡ್ ಕಡೆಯ ಸಾಲುಗಳು ಮೊಗ್ಗು ಬಿಡೋದೇ ತಡವಾಗುತ್ತೆ. ಹಬ್ಬಕ್ಕೆ ಅಂತ ಲೆಕ್ಕ ಹಾಕಿದ ಹೂವು ಹಬ್ಬ ಮುಗಿದ ಮೇಲೆ ಬಂದ್ರೆ ಯಾರು ಕೊಳ್ತಾರೆ?

ನಮ್ಮ ಜಿಲ್ಲೆಯಲ್ಲಿ ಬೆಳಕು ಬರೀ ಅಲಂಕಾರ ಅಲ್ಲ, ಅದೊಂದು ಬೇಸಾಯದ ಸಾಮಾನು. ಇದನ್ನ ನಾನು ಕಲಿತಿದ್ದು ತಪ್ಪು ಮಾಡಿ.

ಶಿಡ್ಲಘಟ್ಟದ ಮದುವೆ ಮನೆ

ಶಿಡ್ಲಘಟ್ಟದ ಹತ್ತಿರದ ಹಳ್ಳಿಯಲ್ಲಿ ನಮ್ಮ ಮಾವನ ಮನೆ. ಮಗಳ ಮದುವೆ, ಲೈಟಿಂಗ್ ಜವಾಬ್ದಾರಿ ನನಗೆ. ಮನೆ ಮುಂಭಾಗ ಬೆಳಗೋಕೆ ದೊಡ್ಡ ಫೋಕಸ್ ಲೈಟ್, ಅಚ್ಚ ಬಿಳಿ, 6500 ಕೆಲ್ವಿನ್. ಆನ್ ಮಾಡಿ ಹತ್ತು ನಿಮಿಷ ಆಗಿಲ್ಲ, ಪಕ್ಕದ ಮನೆ ಅತ್ತೆ ಬಂದ್ರು. "ಏನಪ್ಪಾ, ನಮ್ಮ ಹುಳ ಹಣ್ಣಾಗಿದೆ, ಚಂದ್ರಿಕೆಗೆ ಬಿಡ್ತಾ ಇದ್ದೀವಿ. ನಿನ್ನ ಲೈಟು ಸೀದಾ ನಮ್ಮ ಹುಳು ಮನೆ ಕಿಟಕಿಗೇ ಬಡೀತಾ ಇದೆಯಲ್ಲ?"

ರೇಷ್ಮೆ ಹುಳು ಮಂದ ಬೆಳಕಿನ ಪ್ರಾಣಿ. ಗೂಡು ಕಟ್ಟುವ ಹೊತ್ತಲ್ಲಿ ಒಂದು ಕಡೆಯಿಂದ ಜೋರು ಬೆಳಕು ಬಿದ್ರೆ, ಹುಳುಗಳೆಲ್ಲ ಕತ್ತಲೆ ಕಡೆಗೆ ಸರಿದು ಗುಂಪಾಗುತ್ವೆ. ಜಾಗ ಸಾಲದೆ ಎರಡು ಹುಳು ಸೇರಿ ಒಂದೇ ಗೂಡು ಕಟ್ಟುತ್ವೆ. ಅದು ಜೋಡಿಗೂಡು. ಎರಡು ಎಳೆ ಸಿಕ್ಕುಹಾಕಿಕೊಂಡಿರೋದ್ರಿಂದ ನೂಲು ಸಲೀಸಾಗಿ ಬಿಚ್ಚೋಕಾಗಲ್ಲ. ಗೂಡಿನ ಮಾರುಕಟ್ಟೆಯಲ್ಲಿ ರೀಲರ್ ಕೈಹಾಕಿ ನೋಡಿದ ತಕ್ಷಣ ರೇಟು ಇಳಿಯುತ್ತೆ. ತಿಂಗಳುಗಟ್ಟಲೆ ಸೊಪ್ಪು ಬೆಳೆದು, ನಿದ್ದೆಗೆಟ್ಟು ಹುಳು ಸಾಕಿದ ದುಡಿಮೆ ಒಂದು ಕಡೆ. ನನ್ನ ಮೂರು ರಾತ್ರಿಯ ಶೋಕಿ ಇನ್ನೊಂದು ಕಡೆ.

ಫೋಕಸ್ ಬಿಚ್ಚಿದೆ. ಪ್ಯಾರಾಪೆಟ್ ಅಂಚಿನ ಅಡಿಯಲ್ಲಿ, ಕೆಳಗೆ ಮುಖ ಮಾಡಿ, ವಾರ್ಮ್ ವೈಟ್ ಸ್ಟ್ರಿಪ್ ಕಟ್ಟಿದೆ. ಬೆಳಕು ಗೋಡೆ ಮೇಲೆ ಇಳೀತು, ಕಿಟಕಿ ಕಡೆ ಹೋಗಲಿಲ್ಲ. ಫೋಟೋದಲ್ಲಿ ಮನೆ ಮೊದಲಿಗಿಂತ ಚೆನ್ನಾಗೇ ಬಂತು. ಯಾಕಂದ್ರೆ ಸುತ್ತ ಕತ್ತಲೆ ಇದ್ರೇನೇ ಬೆಳಕು ಕಾಣೋದು. ಚಿಕ್ಕಬಳ್ಳಾಪುರದ ಹತ್ತಿರ 2023ರ ಜನವರಿಯಲ್ಲಿ ಅನಾವರಣ ಆದ 112 ಅಡಿ ಆದಿಯೋಗಿ ಮೂರ್ತಿ ನೋಡಿ ಬಂದವರು "ನಮ್ಮ ಮನೆಗೂ ಹಾಗೆ ಬಣ್ಣ ಬೇಕು" ಅಂತಾರೆ. ಅಲ್ಲಿನ ಸಂಜೆ ಪ್ರದರ್ಶನಕ್ಕೆ ಹಿಂದಿನ ಬೆಟ್ಟದ ಕತ್ತಲೆಯೂ ಕೆಲಸ ಮಾಡ್ತಿದೆ ಅನ್ನೋದು ಗಮನಕ್ಕೆ ಬರಲ್ಲ.

ಒಂದು ಎಚ್ಚರಿಕೆ. ಪಕ್ಕ ಸೇವಂತಿಗೆ ಇದ್ರೆ, "ವಾರ್ಮ್ ವೈಟ್ ಹಾಕ್ತೀನಿ, ಹತ್ತೂವರೆಗೆ ಟೈಮರ್ ಇಡ್ತೀನಿ" ಅಂದ್ರೆ ಸಾಲದು. ಗಿಡ ಮುಖ್ಯವಾಗಿ ಗುರುತಿಸೋದು ಕೆಂಪು ಬೆಳಕನ್ನ, ವಾರ್ಮ್ ವೈಟ್‌ನಲ್ಲಿ ಅದು ಧಾರಾಳ ಇದೆ. ಆರು ಗಂಟೆಗೆ ಸೂರ್ಯ ಮುಳುಗಿ ನೀವು ಹತ್ತೂವರೆ ತನಕ ಉರಿಸಿದ್ರೆ ಗಿಡಕ್ಕೆ ಸಿಗೋ ರಾತ್ರಿ ಬರೀ ಎಂಟು ಗಂಟೆ. ಅಲ್ಲಿ ಪರಿಹಾರ ಒಂದೇ: ಬೆಳಕಿನ ದಿಕ್ಕು ತಿರುಗಿಸೋದು, ಮರೆ ಕಟ್ಟೋದು.

ಸರಿ, ಈಗ ಸಾಮಾನಿನ ವಿಷಯ

ಸೀರಿಯಲ್ ಸೆಟ್‌ನಿಂದ ಶುರು ಮಾಡೋಣ. ಮುರುಗಮಲ್ಲದ ಉರುಸ್, ಕೈವಾರದ ರಥೋತ್ಸವ, ಚಿಂತಾಮಣಿಯ ಮದುವೆ, ಎಲ್ಲಾ ಕಡೆ ಇದೇ. ಅಗ್ಗ, ಹಗುರ, ಎರಡು ಮೂರು ದಿನಕ್ಕೆ ಸಾಕು. ಆದ್ರೆ ಸಾಮಾನ್ಯವಾಗಿ ಸಿಗೋ ಸೆಟ್‌ಗಳು ಸೀದಾ 230 ವೋಲ್ಟ್ ಮೇಲೆ ನಡೆಯೋವು. ಬಲ್ಬ್ ಚಿಕ್ಕದು, ಶಾಕ್ ಚಿಕ್ಕದಲ್ಲ. ಹಳೇ ಸೆಟ್‌ನಲ್ಲಿ ಒಂದು ಬಲ್ಬ್ ಕಿತ್ತರೆ, ಆ ಖಾಲಿ ಜಾಗದ ಎರಡು ತುದಿ ನಡುವೆ ಪೂರ್ತಿ 230 ವೋಲ್ಟ್ ಬಂದು ನಿಲ್ಲುತ್ತೆ. ಕಬ್ಬಿಣದ ಗೇಟು, ತಗಡಿನ ಶೀಟು, ಮಕ್ಕಳ ಕೈಗೆ ಎಟುಕೋ ಎತ್ತರ, ಈ ಮೂರು ಕಡೆ ಕಟ್ಟಲೇಬೇಡಿ. ಹೊರಗಿನ ಲೈಟ್ ಲೈನಿಗೆ 30 ಮಿಲಿಆಂಪ್ ಆರ್‌ಸಿಸಿಬಿ ಇರಲೇಬೇಕು. ಕರೆಂಟು ಬೇರೆ ದಾರಿ ಹಿಡಿದು ನೆಲಕ್ಕೆ ಹರಿದ್ರೆ, ಮೈ ಮೂಲಕ ಹರಿದ್ರೂ ಸರಿ, ಅದು ಕೂಡಲೇ ಲೈನ್ ಕಟ್ ಮಾಡುತ್ತೆ. ಮಾಮೂಲಿ ಎಂಸಿಬಿ ಆ ಕೆಲಸ ಮಾಡಲ್ಲ. ಅದು ವೈರ್ ಉಳಿಸುತ್ತೆ, ಮನುಷ್ಯರನ್ನಲ್ಲ.

ಎರಡನೇದು ಸ್ಟ್ರಿಪ್ ಲೈಟ್. 12 ಅಥವಾ 24 ವೋಲ್ಟ್, ಮಧ್ಯೆ ಡ್ರೈವರ್. ಅಂಟಿಸಿದ ಜಾಗ ಕಾಣದೆ ಬೆಳಕು ಮಾತ್ರ ಕಾಣಬೇಕಾದ ಕಡೆಗೆ ಇದು ಸರಿ: ಫಾಲ್ಸ್ ಸೀಲಿಂಗ್, ಮೆಟ್ಟಿಲ ಕೆಳಗೆ, ಪ್ಯಾರಾಪೆಟ್ ಅಡಿ. ಮಾಮೂಲಿ ಸ್ಟ್ರಿಪ್‌ನಲ್ಲಿ ಚುಕ್ಕಿ ಚುಕ್ಕಿ ಕಾಣುತ್ತೆ. ಸಿಒಬಿ ಸ್ಟ್ರಿಪ್‌ನಲ್ಲಿ ಒಂದೇ ಗೆರೆ ಎಳೆದ ಹಾಗೆ ಇರುತ್ತೆ. ಗ್ರಾನೈಟ್ ಥರ ಹೊಳೆಯೋ ಕಲ್ಲಿನ ಪಕ್ಕ ಚುಕ್ಕಿ ಸ್ಟ್ರಿಪ್ ಹಾಕಿದ್ರೆ ಪ್ರತಿ ಚುಕ್ಕಿಯೂ ಪ್ರತಿಬಿಂಬಿಸುತ್ತೆ. ಅಲ್ಲಿ ಸಿಒಬಿ ತಗೊಳ್ಳಿ.

ಮೂರನೇದು ನಿಯಾನ್ ಫ್ಲೆಕ್ಸ್. ಹೆಸರಿಗೆ ನಿಯಾನ್, ಒಳಗಿರೋದು ಎಲ್‌ಇಡಿ. ಅಸಲಿ ನಿಯಾನ್ ಅಂದ್ರೆ ಗಾಜಿನ ಕೊಳವೆ, ಒಳಗೆ ಅನಿಲ, ಸಾವಿರಾರು ವೋಲ್ಟ್. 1910ರಲ್ಲಿ ಪ್ಯಾರಿಸ್‌ನಲ್ಲಿ ಜಾರ್ಜ್ ಕ್ಲಾಡ್ ಅದನ್ನ ತೋರಿಸಿದ್ರು. ಈಗಿನದು ಸಿಲಿಕಾನ್ ಕೊಳವೆಯೊಳಗೆ ಕೂತ ಸ್ಟ್ರಿಪ್, ಅಷ್ಟೇ. ಅಕ್ಷರ ಬರೆಯೋಕೆ, ಬಳುಕುವ ಗೆರೆಗೆ ಒಳ್ಳೇದು. ಇಡೀ ಮನೆಗೆ ಬೇಡ.

ನಾಲ್ಕನೇದು ಪಿಕ್ಸೆಲ್. ಒಂದೊಂದು ಬಲ್ಬಿಗೂ ಬೇರೆ ಬೇರೆ ಬಣ್ಣ ಹೇಳಬಹುದು, ಬೆಳಕು ಓಡುತ್ತೆ, ಕುಣಿಯುತ್ತೆ. ಆದ್ರೆ ಲೆಕ್ಕ ನೋಡಿ. ಮೀಟರಿಗೆ 60 ಬಲ್ಬ್ ಇರೋ 5 ವೋಲ್ಟ್ ಪಿಕ್ಸೆಲ್, ಪೂರ್ತಿ ಬಿಳಿಯಲ್ಲಿ ಮೀಟರಿಗೆ ಸುಮಾರು 18 ವಾಟ್. ಹನ್ನೆರಡು ಮೀಟರಿಗೆ 216 ವಾಟ್. ಐದು ವೋಲ್ಟ್‌ನಲ್ಲಿ ಅಂದ್ರೆ 43 ಆಂಪ್! ಅಷ್ಟು ಕರೆಂಟು ಸಣ್ಣ ವೈರಿನಲ್ಲಿ ಹರಿದ್ರೆ ಬಿಸಿ, ತುದಿಯ ಬಲ್ಬ್‌ಗಳು ಮಂಕು, ಬಿಳಿ ಹೋಗಿ ಹಳದಿ ಕೆಂಪು. ಹಾಕ್ಲೇಬೇಕು ಅಂದ್ರೆ 12 ವೋಲ್ಟ್‌ನದು ತಗೊಂಡು, ಹಲವು ಕಡೆಯಿಂದ ಪವರ್ ಕೊಡಿ.

ವೋಲ್ಟೇಜ್ ಸೂತ್ರ ಸುಲಭ. ಅದೇ ವಾಟ್‌ಗೆ 12ರ ಬದಲು 24 ವೋಲ್ಟ್ ಆದ್ರೆ ಕರೆಂಟು ಅರ್ಧ, ಅದೇ ವೈರಿನಲ್ಲಿ ಬಿಸಿಯಾಗಿ ವ್ಯರ್ಥವಾಗೋ ಶಕ್ತಿ ಕಾಲು ಭಾಗ. ಉದ್ದದ ಕೆಲಸಕ್ಕೆ 24 ವೋಲ್ಟ್. ಡ್ರೈವರ್ ಬೇಕಾದ್ದಕ್ಕಿಂತ ಕನಿಷ್ಠ ಶೇ 20 ದೊಡ್ಡದಿರಲಿ. ಮಳೆ ತಾಗೋ ಕಡೆ ಐಪಿ 65, ನೀರು ನಿಲ್ಲೋ ಕಡೆ ಐಪಿ 67. ಐಪಿ 67 ಸ್ಟ್ರಿಪ್ ತಂದು, ಕತ್ತರಿಸಿದ ತುದಿಗೆ ಸಿಲಿಕಾನ್ ಹಾಕದೆ ಬಿಟ್ರೆ ಅದು ಐಪಿ 67 ಅಲ್ಲ. ಡ್ರೈವರ್ ಮೇಲೆ ಬಿಐಎಸ್ ನೋಂದಣಿ ಸಂಖ್ಯೆ ಇರಬೇಕು, ಆರ್ ಅಕ್ಷರದಿಂದ ಶುರುವಾಗುತ್ತೆ. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅಂಗಡಿಯಲ್ಲೇ ನಿಂತು ಚೆಕ್ ಮಾಡಬಹುದು.

ಬಣ್ಣ ಯಾವುದು?

ಚಿಂತಾಮಣಿಯಲ್ಲೋ ಶಿಡ್ಲಘಟ್ಟದಲ್ಲೋ ಸೀರೆ ಅಂಗಡಿಗೆ ಹೋದಾಗ ಅಮ್ಮ ಏನು ಮಾಡ್ತಾರೆ? ಸೀರೆ ಹಿಡ್ಕೊಂಡು ಬಾಗಿಲ ಹತ್ತಿರ ಬಂದು ಹಗಲು ಬೆಳಕಲ್ಲಿ ನೋಡ್ತಾರೆ. ಅಂಗಡಿ ಲೈಟು ಬಣ್ಣ ನಿಜ ಹೇಳ್ತಿಲ್ಲ ಅಂತ ಅವರಿಗೆ ಗೊತ್ತು. ಆ ನಿಜದ ಅಳತೆಯೇ ಸಿಆರ್‌ಐ, ನೂರಕ್ಕೆ ಅಂಕ. ಬಟ್ಟೆ, ಹೂವು, ಊಟ, ಮುಖ ಇರೋ ಕಡೆ 90ಕ್ಕಿಂತ ಮೇಲಿರಲಿ. ಗೋಡೆಗೆ 80 ಸಾಕು.

ಕೆಲ್ವಿನ್ ಬೇರೆ. 2700–3000 ದೀಪದಂಥ ಹಳದಿ, 4000 ಮಧ್ಯದ್ದು, 6500 ನೀಲಿ ಬಿಳಿ. ಇಟ್ಟಿಗೆ, ಮರ, ಕಲ್ಲಿಗೆ 3000 ಒಪ್ಪುತ್ತೆ. ಇನ್ನೊಂದು ಗುಟ್ಟು: ಗೋಡೆಗೆ ತೀರಾ ಹತ್ತಿರದಿಂದ ಸವರಿಕೊಂಡು ಹೋಗೋ ಬೆಳಕು ಮೇಲ್ಮೈಯ ಉಬ್ಬುತಗ್ಗು ಎಲ್ಲ ಎತ್ತಿ ತೋರಿಸುತ್ತೆ. ನಂದಿ ಗ್ರಾಮದ ಭೋಗ ನಂದೀಶ್ವರ ದೇವಸ್ಥಾನದ ಕೆತ್ತನೆ ನಡು ಮಧ್ಯಾಹ್ನಕ್ಕಿಂತ ಓರೆ ಬಿಸಿಲಲ್ಲಿ ಚೆನ್ನಾಗಿ ಕಾಣೋದು ಇದಕ್ಕೇ. ನಿಮ್ಮ ಗೋಡೆ ಕಲ್ಲಿನದಾದ್ರೆ ಹಾಗೆ ಮಾಡಿ. ಪ್ಲಾಸ್ಟರ್ ಸರಿ ಇಲ್ಲದಿದ್ರೆ ಮಾಡಬೇಡಿ, ಗಾರೆಯವರ ಕರಣೆ ಗೆರೆ ಪ್ರತಿಯೊಂದೂ ಕಾಣುತ್ತೆ.

ಜಾಗದ ಗುಣವೂ ನೋಡಬೇಕು. ಗೌರಿಬಿದನೂರಿನ ಕೇಳುಗರಿಗೆ ವಿದುರಾಶ್ವತ್ಥ ಹೇಳಿಕೊಡಬೇಕಾಗಿಲ್ಲ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಗುಂಡು ಹಾರಿದ ಜಾಗ. ಅಂಥ ಸ್ಮಾರಕಕ್ಕೆ ಕುಣಿಯೋ ಬಣ್ಣ ಹಾಕಿದ್ರೆ ಹೇಗಿರುತ್ತೆ? ಅಲ್ಲಿಗೆ ಅಲುಗದ, ತಗ್ಗಿದ, ಒಂದೇ ಬಣ್ಣದ ಬೆಳಕು. ತಂತ್ರಜ್ಞಾನ ಇದೆ ಅಂತ ಎಲ್ಲ ಕಡೆ ಬಳಸಬೇಕಾಗಿಲ್ಲ.

ನಲವತ್ತು ಅಡಿ ಪ್ಯಾರಾಪೆಟ್‌ಗೆ ಉತ್ತರ

ಈಗ ನಿಮ್ಮ ಪ್ರಶ್ನೆಗೆ ಬರ್ತೀನಿ ತಮ್ಮಾ. 24 ವೋಲ್ಟ್ ಸಿಒಬಿ ಸ್ಟ್ರಿಪ್, 3000 ಕೆಲ್ವಿನ್, ಮೀಟರಿಗೆ 10 ವಾಟ್. ಹನ್ನೆರಡು ಮೀಟರಿಗೆ 120 ವಾಟ್, 5 ಆಂಪ್. ಡ್ರೈವರ್ 150 ವಾಟ್. ಪವರ್ ಒಂದು ತುದಿಯಿಂದ ಬೇಡ, ಮಧ್ಯದಿಂದ ಕೊಡಿ, ಎರಡೂ ಕಡೆ ಆರಾರು ಮೀಟರ್. ಅಲ್ಯೂಮಿನಿಯಂ ಪ್ರೊಫೈಲ್‌ನಲ್ಲಿ ಕೂರಿಸಿದ್ರೆ ಬಿಸಿ ಇಳಿದು ಬಾಳಿಕೆ ಹೆಚ್ಚುತ್ತೆ. ದಿನಕ್ಕೆ ಐದು ಗಂಟೆ ಉರಿಸಿದ್ರೆ 0.6 ಯೂನಿಟ್, ತಿಂಗಳಿಗೆ 18. ಗೃಹಜ್ಯೋತಿ ಇರೋರು ನೆನಪಿಡಿ: ಬಳಕೆ 200 ಯೂನಿಟ್ ದಾಟಿದ್ರೆ ಪೂರ್ತಿ ಬಿಲ್ ನಿಮ್ಮದೇ. ಅಂಚಿನಲ್ಲಿರೋ ಮನೆಗೆ ಈ 18 ದೊಡ್ಡ ಸಂಖ್ಯೆ.

ಪಿಕ್ಸೆಲ್ ಆಸೆ ಇದ್ರೆ ಬಾಗಿಲ ಸುತ್ತ ಎರಡು ಮೀಟರ್ ಹಾಕಿ. ದೀಪಾವಳಿಗೆ ಕುಣಿಸಿ, ಉಳಿದ ದಿನ ಸುಮ್ಮನಿರಲಿ.

ಆದ್ರೆ ಅಂಗಡಿಗೆ ಹೋಗೋ ಮುಂಚೆ ಒಂದು ಕೆಲಸ. ಕತ್ತಲಾದ ಮೇಲೆ ಟಾರ್ಚ್ ಆರಿಸಿ ಮನೆ ಸುತ್ತ ಒಂದು ಸುತ್ತು ಹಾಕಿ. ಎಲ್ಲಿ ಹುಳು ಮನೆ ಕಿಟಕಿ ಇದೆ, ಎಲ್ಲಿ ಹೂವಿನ ಸಾಲಿದೆ, ಯಾರ ಮನೆ ಮಲಗೋ ಕೋಣೆ ಇದೆ ನೋಡಿ. ಅವರನ್ನೊಂದು ಮಾತು ಕೇಳಿ. ಆಮೇಲೆ ಎಲೆಕ್ಟ್ರಿಷಿಯನ್‌ಗೆ ವಾಟ್ಸ್ಆ್ಯಪ್ ಮಾಡಿ: ಉದ್ದ ಎಷ್ಟು, ವೋಲ್ಟ್ ಎಷ್ಟು, ಕೆಲ್ವಿನ್ ಎಷ್ಟು, ಐಪಿ ಎಷ್ಟು, ಬೆಳಕು ಯಾವ ಕಡೆ ಬೀಳಬಾರದು.

ಆ ಮದುವೆ ಆಗಿ ಸ್ವಲ್ಪ ದಿನಕ್ಕೆ ಅತ್ತೆ ಸಿಕ್ಕಿದ್ರು. ಗೂಡು ಹೇಗೆ ಬಂತು ಅಂತ ಹೆದರ್ತಾನೇ ಕೇಳಿದೆ. "ಚೆನ್ನಾಗಿ ಬಂತಪ್ಪಾ. ನಮ್ಮ ಮಗನ ಮದುವೆಗೂ ನೀನೇ ಲೈಟ್ ಹಾಕ್ಬೇಕು" ಅಂದ್ರು.

ನಿಮ್ಮ ಪ್ರಶ್ನೆ ಇದ್ರೆ ವಾಯ್ಸ್ ನೋಟ್ ಕಳಿಸಿ.