ಕೀಬೋರ್ಡ್ ಇದೆ, ಸಿಂಥ್ ಇದೆ, ಸದ್ದು ಮಾತ್ರ ಇಲ್ಲ!

ಇವತ್ತಿನ ವಿಷಯ ಮಿಡಿ. ಉಪ್ಪಿನಕಾಯಿ ಹಾಕೋ ಮಾವಿನ ಮಿಡಿ ಅಲ್ಲ, ಮ್ಯೂಸಿಕಲ್ ಇನ್‌ಸ್ಟ್ರುಮೆಂಟ್ ಡಿಜಿಟಲ್ ಇಂಟರ್‌ಫೇಸ್ ಅನ್ನೋ ಉದ್ದ ಹೆಸರಿನ ಚುಟುಕು ರೂಪ.

ಮೊದಲು ನನ್ನ ಪೆದ್ದುತನ ಹೇಳ್ಬಿಡ್ತೀನಿ. ಈ ಪಾಡ್‌ಕಾಸ್ಟ್‌ನ ಟ್ಯೂನ್ ನಾನೇ ಮಾಡ್ಬೇಕು ಅಂತ ಕಾರ್ಗ್ ವೋಲ್ಕಾ ಕೀಸ್ ಅನ್ನೋ ಪುಟ್ಟ ಸಿಂಥಸೈಜರ್ ಅನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ. 2013ರಲ್ಲಿ ಬಂದ ಅನಲಾಗ್ ಸಿಂಥ್ ಇದು. ಆರು ಸೆಲ್ ಹಾಕಿದ್ರೆ ಓಡುತ್ತೆ, ಒಳಗೇ ಸ್ಪೀಕರ್ ಇದೆ. ಆದ್ರೆ ಅದರಲ್ಲಿ ಒತ್ತೋ ಕೀಗಳಿಲ್ಲ, ಬೆರಳಿಟ್ಟು ನುಡಿಸೋ ಸಪಾಟು ಪಟ್ಟಿ ಇದೆ. ಸರಿಯಾಗಿ ನುಡಿಸೋಣ ಅಂತ ಒಂದು ಯುಎಸ್‌ಬಿ ಕೀಬೋರ್ಡ್ ಕೊಂಡೆ. ಸಿಂಥ್‌ನಲ್ಲಿದ್ದದ್ದು ಐದು ಪಿನ್ನಿನ ಗುಂಡಗಿನ ಮಿಡಿ ಸಾಕೆಟ್. ಯುಎಸ್‌ಬಿಯಿಂದ ಮಿಡಿಗೆ ಅಂತ ಮಾರೋ ಕೇಬಲ್ ತರಿಸಿದೆ, ಅದಕ್ಕೊಂದು ಅಡಾಪ್ಟರ್ ಬೇರೆ. ಎಲ್ಲ ಸಿಕ್ಕಿಸಿದ್ರೆ ಕೀಬೋರ್ಡಿನ ಲೈಟೂ ಹತ್ತಲಿಲ್ಲ. ಕೆಟ್ಟಿದ್ದು ಯಾವುದೂ ಇಲ್ಲ, ನನಗೆ ವಿಷಯ ಗೊತ್ತಿರಲಿಲ್ಲ ಅಷ್ಟೇ.

ಹಾರ್ಮೋನಿಯಂ ನೆನಪಿಸ್ಕೊಳ್ಳಿ. ಬೆರಳು ಒತ್ತೋದು ಮನೆಯನ್ನ, ಸದ್ದು ಬರೋದು ಒಳಗಿನ ರೀಡ್‌ನಿಂದ. ಮಿಡಿ ಕೀಬೋರ್ಡ್ ಅಂದ್ರೆ ರೀಡೇ ಇಲ್ಲದ ಹಾರ್ಮೋನಿಯಂ. ರೀಡಿನ ಕೆಲಸ ಸಿಂಥ್‌ನದು. ಮಧ್ಯದ ಕೇಬಲ್‌ನಲ್ಲಿ ಸದ್ದು ಹೋಗಲ್ಲ, ಬರೀ ಸೂಚನೆ ಹೋಗುತ್ತೆ: ಯಾವ ಸ್ವರ, ಎಷ್ಟು ಜೋರು, ಯಾವಾಗ ಬಿಟ್ಟೆ. ಎಲ್ಲಾ ಅಂಕಿಗಳಲ್ಲೇ. ಮಿಡ್ಲ್ ಸಿ ಅಂದ್ರೆ 60. ಒತ್ತಿದ ಜೋರು 1ರಿಂದ 127.

ಈ ಭಾಷೆ ಮೊದಲ ಸಲ ಜನರ ಮುಂದೆ ಬಂದಿದ್ದು 1983ರಲ್ಲಿ, ಅಮೆರಿಕದ ನ್ಯಾಮ್ ಪ್ರದರ್ಶನದಲ್ಲಿ. ಡೇವ್ ಸ್ಮಿತ್ ಅವರ ಕಂಪನಿಯ ಪ್ರಾಫೆಟ್-600, ಜಪಾನಿನ ರೋಲ್ಯಾಂಡ್ ಕಂಪನಿಯ ಜುಪಿಟರ್-6, ಎರಡನ್ನೂ ಕೇಬಲ್‌ನಿಂದ ಜೋಡಿಸಿ ತೋರಿಸಿದ್ರು. ಪೈಪೋಟಿಯ ಕಂಪನಿಗಳು ಒಂದೇ ಭಾಷೆಗೆ ಒಪ್ಪಿದ್ದಕ್ಕೇ ಇವತ್ತಿಗೂ ಯಾವ ಕಂಪನಿಯ ಕೀಬೋರ್ಡ್‌ನಿಂದ ಯಾವ ಕಂಪನಿಯ ಸಿಂಥ್ ಬೇಕಾದ್ರೂ ನುಡಿಸಬಹುದು.

ಹಾಗಾದ್ರೆ ನಂದು ಯಾಕೆ ನುಡೀಲಿಲ್ಲ? ಐದು ಪಿನ್ನಿನ ಮಿಡಿ ನೇರಾನೇರ: ಇದರ ಔಟ್‌ನಿಂದ ಅದರ ಇನ್‌ಗೆ. ಯುಎಸ್‌ಬಿ ಹಾಗಲ್ಲ. ಅಲ್ಲಿ ಒಬ್ಬ ಯಜಮಾನ ಇರಲೇಬೇಕು, ಅದಕ್ಕೆ ಹೋಸ್ಟ್ ಅಂತಾರೆ. ಕರೆಂಟ್ ಕೊಡೋದೂ ಅದೇ, ಮಾತು ಶುರು ಮಾಡೋದೂ ಅದೇ. ನನ್ನ ಕೀಬೋರ್ಡು, ನಾನು ತಂದ ಕೇಬಲ್ಲು, ಎರಡೂ ಕಂಪ್ಯೂಟರ್ ಕರೀಲಿ ಅಂತ ಕಾಯ್ತಾ ಕೂತಿದ್ವು.

ದಾರಿ ಮೂರಿದೆ. ಒಂದು, ಕೀಬೋರ್ಡ್ ಮತ್ತು ಆ ಕೇಬಲ್ ಎರಡನ್ನೂ ಲ್ಯಾಪ್‌ಟಾಪ್‌ಗೆ ಹಾಕಿ, ಮ್ಯೂಸಿಕ್ ಸಾಫ್ಟ್‌ವೇರ್‌ನಲ್ಲಿ ಇಲ್ಲಿಂದ ಅಲ್ಲಿಗೆ ಕಳಿಸು ಅಂತ ಹೇಳೋದು. ನಾನು ಕೊನೆಗೆ ಮಾಡಿದ್ದು ಇದನ್ನೇ, ಕೇಬಲ್ ದುಡ್ಡು ಉಳೀತು. ಎರಡು, ಯುಎಸ್‌ಬಿ ಮಿಡಿ ಹೋಸ್ಟ್ ಅನ್ನೋ ಪುಟ್ಟ ಡಬ್ಬಿ. ಮೂರು, ಐದು ಪಿನ್ನಿನ ಔಟ್ ಇರೋ ಕೀಬೋರ್ಡನ್ನೇ ಕೊಳ್ಳೋದು, ಉದಾಹರಣೆಗೆ ಆರ್ಟುರಿಯಾ ಕೀಸ್ಟೆಪ್. ಅದಕ್ಕೆ ಕರೆಂಟ್ ಮೊಬೈಲ್ ಚಾರ್ಜರ್‌ನಿಂದ ಕೊಟ್ರೂ ಸಾಕು.

ಜೋಡಿಸಿದ ಮೇಲೂ ಸದ್ದಿಲ್ವಾ? ಚಾನೆಲ್ ನೋಡಿ. ಮಿಡಿಯಲ್ಲಿ 16 ಚಾನೆಲ್ ಇವೆ. ಕೀಬೋರ್ಡ್ 2ರಲ್ಲಿ ಮಾತಾಡ್ತಾ, ಸಿಂಥ್ 1ರಲ್ಲಿ ಕೇಳ್ತಾ ಇದ್ರೆ ಏನೂ ಆಗಲ್ಲ. ಇನ್ನೊಂದು, ವೋಲ್ಕಾ ಕೀಸ್‌ನಲ್ಲಿ ಒಟ್ಟಿಗೆ ಮೂರೇ ಸ್ವರ ನುಡಿಯೋದು. ಸ, ಗ, ಪ ಹಿಡಿದು ಮೇಲಿನ ಸ ಕೂಡ ಸೇರಿಸ್ತೀನಿ ಅಂದ್ರೆ ಆಗಲ್ಲ, ಕೀಬೋರ್ಡ್ ಎಷ್ಟೇ ದೊಡ್ಡದಿರಲಿ. ಕೀಬೋರ್ಡಿನ ತಿರುಗಣೆಗೆ 44 ಅನ್ನೋ ಕಂಟ್ರೋಲ್ ನಂಬರ್ ಕೊಟ್ಟರೆ, ಸಿಂಥ್‌ನ ಫಿಲ್ಟರ್ ಕಟಾಫ್ ದೂರದಿಂದಲೇ ತಿರುಗುತ್ತೆ.

ಸಿಂಥ್ ಕೊಳ್ಳೋಕೆ ದುಡ್ಡಿಲ್ವಾ? ನಿಮ್ಮ ಕೈಲಿರೋ ಫೋನೇ ಯಜಮಾನ ಆಗಬಹುದು. ಆಂಡ್ರಾಯ್ಡ್ 6ರಿಂದ ಮಿಡಿ ಸೌಲಭ್ಯ ಇದೆ. ಒಟಿಜಿ ಅಡಾಪ್ಟರ್ ಹಾಕಿ, ಉಚಿತ ಸಿಂಥ್ ಆ್ಯಪ್ ತೆರೆದು ನುಡಿಸಿ ನೋಡಿ.

ಆದ್ರೆ ಕೊಳ್ಳೋ ಮುಂಚೆ ಒಂದು ಕೆಲಸ ಮಾಡಿ: ಕೀಬೋರ್ಡಿನ ಹಿಂಭಾಗದ ಫೋಟೋ ನೋಡಿ. ಮುಂದೆ ಎಷ್ಟು ಕೀ ಇವೆ ಅನ್ನೋದಕ್ಕಿಂತ, ಹಿಂದೆ ಯಾವ ಸಾಕೆಟ್ ಇದೆ ಅನ್ನೋದು ಮುಖ್ಯ. ಇವತ್ತು ಶುರುವಲ್ಲಿ ಕೇಳಿದ್ರಲ್ಲ ಟ್ಯೂನ್, ಅದು ಇದೇ ಜೋಡಿಯಲ್ಲಿ ಮಾಡಿದ್ದು. ಸಿಗೋಣ.